‘90 ನಂಬರ್ ಆಯಿಲ್’ ಎಲ್ಲ ಗೇರ್‌ಬಾಕ್ಸಿಗೂ ನಡೆಯೋದಿಲ್ಲ

ಮಾನ್ಯ ಸಂಪಾದಕರೇ,

ಸಣ್ಣ ಕಾರಿನ ಗೇರ್ ಆಯಿಲನ್ನು ಮನೆಯಲ್ಲೇ ಬದಲಿಸುವ ಬಗ್ಗೆ ನಿಮ್ಮ ವಾಹನ ಅಂಕಣದಲ್ಲಿ ಬಂದ ಬರಹ ಓದಿದೆವು. ಕೆಳಗಿನ ಬೋಲ್ಟ್ ಬಿಚ್ಚಿ, ಹಳೇದು ಸುರಿಸಿ, ‘90 ನಂಬರ್’ ಎರಡು ಲೀಟರ್ ಹಾಕಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು ಎಂದು ಅದರಲ್ಲಿತ್ತು. ಮನೆಯಲ್ಲಿ ಮಾಡಬಹುದು ಎಂಬ ಮಾತು ಖರೆ. ಅರ್ಧ ಗಂಟೆ, ಮೊದಲು ಕೆಳಗಿನ ಬೋಲ್ಟು, 90 ನಂಬರು ಎಂಬ ಮೂರೂ ತಪ್ಪು. ಅದರಲ್ಲೂ ಕೊನೆಯದು ಓದುಗರ ಗೇರ್‌ಬಾಕ್ಸನ್ನು ಮೆಲ್ಲಗೆ ತಿನ್ನುವಂಥದ್ದು. ಹಾಗಾಗಿ ಪತ್ರ ಉದ್ದವಾದರೂ ಸರಿ ಎಂದು ಬರೆಯುತ್ತಿದ್ದೇವೆ.

ನಮ್ಮ ಕಡೆ ಸ್ಪೇರ್ಸ್ ಅಂಗಡಿಗೆ ಹೋಗಿ ‘ಗೇರ್ ಆಯಿಲ್ ಕೊಡ್ರಿ’ ಅಂದರೆ ಟ್ರ್ಯಾಕ್ಟರಿಗೂ ಟಂಟಂಗೂ ಕಾರಿಗೂ ಒಂದೇ ಡಬ್ಬಿ ಕೈಗೆ ಬರುತ್ತದೆ. ಡಬ್ಬಿಯ ಮೇಲಿನ ದೊಡ್ಡ ಅಕ್ಷರದ 90 ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತದೆ. ಆ ಅಂಕಿ ಎಣ್ಣೆ ಎಷ್ಟು ದಪ್ಪ ಅನ್ನುವುದನ್ನಷ್ಟೇ ಹೇಳುತ್ತದೆ. ಅದೂ ಎಂಜಿನ್ ಆಯಿಲಿನ ಅಳತೆಗಿಂತ ಬೇರೆ ಅಳತೆ: 90ರ ಗೇರ್ ಆಯಿಲ್ ಕಾದಾಗ ಹೆಚ್ಚುಕಡಿಮೆ 40, 50ರ ಎಂಜಿನ್ ಆಯಿಲಿನಷ್ಟೇ ದಪ್ಪ ಇರುತ್ತದೆ. ಅಂಕಿ ದುಪ್ಪಟ್ಟು ಇದ್ದ ಮಾತ್ರಕ್ಕೆ ಗಟ್ಟಿತನ ದುಪ್ಪಟ್ಟಲ್ಲ. ನಿಜವಾಗಿ ನೋಡಬೇಕಾದದ್ದು ಸಣ್ಣ ಅಕ್ಷರದಲ್ಲಿರುವ ‘ಜಿಎಲ್-4’ ಅಥವಾ ‘ಜಿಎಲ್-5’, ಅಂದರೆ ಎಣ್ಣೆಯ ದರ್ಜೆ.

ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಒತ್ತಡ ತಡೆಯುವ ಅಂಶ ಜಿಎಲ್-4ಕ್ಕಿಂತ ಸುಮಾರು ಎರಡು ಪಟ್ಟು ಇರುತ್ತದೆ. ಹಿಂದಿನ ಚಕ್ರ ಎಳೆಯುವ ಗಾಡಿಗಳ ಡಿಫರೆನ್ಷಿಯಲ್‌ನಲ್ಲಿ, ಅಂದರೆ ಎರಡೂ ಚಕ್ರಗಳಿಗೆ ಎಳೆತ ಹಂಚುವ ಗೇರುಗಳ ಗುಂಪಿನಲ್ಲಿ, ಹಲ್ಲುಗಳು ಒಂದರ ಮೇಲೊಂದು ಉಜ್ಜಿಕೊಂಡೇ ತಿರುಗುತ್ತವೆ, ಅಲ್ಲಿಗೆ ಈ ಶಕ್ತಿ ಬೇಕೇ ಬೇಕು. ಗೇರ್‌ಬಾಕ್ಸಿನ ಒಳಗೆ ಕತೆಯೇ ಬೇರೆ. ಗೇರ್ ಹಾಕುವಾಗ ಎರಡು ಭಾಗಗಳ ವೇಗ ಹೊಂದಿಸುವ ಸಿಂಕ್ರೊ ರಿಂಗುಗಳು ಬಹುಪಾಲು ಹಿತ್ತಾಳೆ ಜಾತಿಯವು. ಅವು ಕೆಲಸ ಮಾಡುವುದೇ ಎದುರಿನ ಕೋನಿಗೆ ಕಚ್ಚಿ ಉಜ್ಜಿ. ಜಿಎಲ್-5 ಹಾಕಿದರೆ ಎಣ್ಣೆ ಅತಿ ಜಾರಿ ಆ ಕಚ್ಚು ಸಿಗುವುದಿಲ್ಲ, ಎರಡನೇ ಗೇರಿಗೆ ‘ಕರ್‍’ ಎನ್ನತೊಡಗುತ್ತದೆ. ಮೇಲಾಗಿ ಗಂಧಕ ಹಿತ್ತಾಳೆಯನ್ನು ಕಾಲಕ್ರಮದಲ್ಲಿ ತಿನ್ನುತ್ತದೆ. ‘ಐದು ನಾಲ್ಕಕ್ಕಿಂತ ದೊಡ್ಡದು, ಅಂದಮೇಲೆ ಒಳ್ಳೇದು’ ಎಂಬ ಲೆಕ್ಕ ಇಲ್ಲಿ ನಡೆಯೋದಿಲ್ಲ.

ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳಲ್ಲಿ, ಅಂದರೆ ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಐ10 ಇಂಥವುಗಳಲ್ಲಿ, ಡಿಫರೆನ್ಷಿಯಲ್ ಕೂಡ ಗೇರ್‌ಬಾಕ್ಸಿನ ಹೊಟ್ಟೆಯೊಳಗೇ ಇದೆ. ಅದರ ಹಲ್ಲುಗಳು ಆ ರೀತಿ ಉಜ್ಜುವ ಜಾತಿಯವಲ್ಲ, ಎರಡಕ್ಕೂ ಒಂದೇ ಜಿಎಲ್-4 ಸಾಕು. ಓಮ್ನಿ, ಈಕೊ ಇದ್ದವರು ಹುಷಾರಾಗಿರಬೇಕು. ಗೇರ್‌ಬಾಕ್ಸು ಮುಂದೆ, ಡಿಫರೆನ್ಷಿಯಲ್ ಹಿಂದೆ, ಎಣ್ಣೆಯೂ ಬೇರೆ ಬೇರೆ. ಮುಂದಕ್ಕೆ ಜಿಎಲ್-4, ಹಿಂದಕ್ಕೆ ಜಿಎಲ್-5. ಒಂದೇ ಡಬ್ಬಿಯಿಂದ ಎರಡಕ್ಕೂ ಸುರಿದರೆ ಒಂದಲ್ಲ ಒಂದು ಕಡೆ ಹಾಳಾಗುವುದು ಖಚಿತ.

ದಪ್ಪದ ವಿಷಯಕ್ಕೆ ಬರೋಣ. ಹೆಚ್ಚಿನ ಸಣ್ಣ ಕಾರುಗಳ ಕೈಪಿಡಿಯಲ್ಲಿ 75ಡಬ್ಲ್ಯು-80, 75ಡಬ್ಲ್ಯು-85 ಅಥವಾ 75ಡಬ್ಲ್ಯು-90 ಎಂದಿರುತ್ತದೆ. ಡಬ್ಲ್ಯು ಇರುವ ಮೊದಲ ಅಂಕಿ ಚಳಿಯಲ್ಲಿನ ದಪ್ಪದ್ದು, ಎರಡನೆಯದು ಕಾದಾಗಿನದು. ‘ಕಲಬುರಗಿ ಬಿಸಿಲಿಗೆ ತೆಳು ಎಣ್ಣೆ ನಿಲ್ಲೋದಿಲ್ಲ, ದಪ್ಪಂದೇ ಹಾಕ್ಸರಿ’ ಎಂಬ ಸಲಹೆ ಎಲ್ಲ ಕಡೆ ಕೇಳುತ್ತದೆ. ಹೆದ್ದಾರಿಯಲ್ಲಿ ಒಂದು ತಾಸು ಓಡಿದ ಗೇರ್‌ಬಾಕ್ಸು ಎಲ್ಲಿಯದಾದರೂ ಹೊರಗಿನ ಬಿಸಿಲಿಗಿಂತ ಬಹಳ ಹೆಚ್ಚು ಕಾದಿರುತ್ತದೆ. ಎಣ್ಣೆಯ ಎರಡನೇ ಅಂಕಿಯನ್ನು ಅಳೆಯುವುದೇ 100 ಡಿಗ್ರಿ ಶಾಖದಲ್ಲಿ. ನಮ್ಮ 43 ಡಿಗ್ರಿ ಅದಕ್ಕೆ ಹೊಸ ಸುದ್ದಿಯಲ್ಲ. ತೊಂದರೆ ಬರುವುದು ಚಳಿಗಾಲದಲ್ಲಿ. ಡಿಸೆಂಬರಿನಲ್ಲಿ ಬೀದರಿನ ಬೆಳಗಿನ ಚಳಿಗೆ ಡಬ್ಬಿಯ ಮೇಲೆ ಬರೀ 90 ಎಂದಿರುವ ಎಣ್ಣೆ ಜೋನಿಬೆಲ್ಲದಂತಾಗಿ, ಮೊದಲ ಎರಡು ಕಿಲೋಮೀಟರು ಗೇರ್ ಬೀಳುವುದೇ ಕಷ್ಟ. ಜನ ಅದಕ್ಕೆ ಕ್ಲಚ್ಚನ್ನು ಬೈಯುತ್ತಾರೆ. ಕೈಪಿಡಿಯಲ್ಲಿ ಬರೆದದ್ದೇ ಹಾಕಿ, ಮುಗಿಯಿತು. ಹೋಂಡಾದವರು ತಮ್ಮದೇ ಎಂಟಿಎಫ್ ಎಂಬ ಎಣ್ಣೆ ಹೇಳುತ್ತಾರೆ, ಆ ಕಾರಿದ್ದವರು ಅದನ್ನೇ ತರಬೇಕು.

ಪ್ರಮಾಣವೂ ಎಲ್ಲಕ್ಕೂ ‘ಎರಡು ಲೀಟರ್’ ಅಲ್ಲ. ಮಾರುತಿಯ ಸಣ್ಣ ಕಾರುಗಳಲ್ಲಿ ಎರಡರಿಂದ ಎರಡೂವರೆ ಲೀಟರ್, ಹ್ಯುಂಡೈ ಸಣ್ಣ ಕಾರುಗಳಲ್ಲಿ ಎರಡಕ್ಕೆ ತುಸು ಕಡಿಮೆ, ಹೋಂಡಾದ ಸಣ್ಣ ಕಾರುಗಳಲ್ಲಿ ಒಂದೂವರೆಯ ಆಸುಪಾಸು. ನಿಮ್ಮ ಗಾಡಿಯ ನಿಖರ ಅಂಕಿ ಕೈಪಿಡಿಯ ಕೊನೆಯ ಪುಟಗಳಲ್ಲಿದೆ. ಅದಕ್ಕಿಂತ ಅರ್ಧ ಲೀಟರ್ ಹೆಚ್ಚು ತಂದಿಟ್ಟುಕೊಂಡರೆ ಮಧ್ಯದಲ್ಲಿ ಅಂಗಡಿಗೆ ಓಡುವುದು ತಪ್ಪುತ್ತದೆ. ಓಡಲು ಕಾರೂ ಇರುವುದಿಲ್ಲವಲ್ಲ! ವಾರಂಟಿ ಇನ್ನೂ ಇರುವ ಗಾಡಿಗೆ ಮನೆಯಲ್ಲಿ ಕೈ ಹಾಕಬೇಡಿ. ಸಿವಿಟಿ ಮತ್ತು ಪೂರ್ತಿ ಆಟೊಮ್ಯಾಟಿಕ್ ಗಾಡಿಗಳಿಗೆ ಈ ಪತ್ರದ ಯಾವ ಮಾತೂ ಅನ್ವಯಿಸುವುದಿಲ್ಲ. ಎಎಂಟಿಯಲ್ಲಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ಯಂತ್ರವೇ ಗೇರ್ ಹಾಕುವ ಗಾಡಿಯಲ್ಲಿ, ಒಳಗಿರುವುದು ಸಾದಾ ಗೇರ್‌ಬಾಕ್ಸೇ, ಆದರೆ ಗೇರ್ ಹಾಕುವ ಯಂತ್ರಕ್ಕೆ ಕೆಲವು ಗಾಡಿಗಳಲ್ಲಿ ಬೇರೆಯೇ ಹೈಡ್ರಾಲಿಕ್ ಎಣ್ಣೆಯ ಸಣ್ಣ ಡಬ್ಬಿ ಇರುತ್ತದೆ. ಅದನ್ನು ಮುಟ್ಟಲೇಬಾರದು.

ಇನ್ನು ಕೆಲಸ. ಗಾಡಿಯನ್ನು ಐದಾರು ಕಿಲೋಮೀಟರು ಓಡಿಸಿ ತನ್ನಿ. ಬೆಚ್ಚಗಿನ ಎಣ್ಣೆ ತೆಳ್ಳಗಾಗಿ ಕಸ ಸಮೇತ ಇಳಿಯುತ್ತದೆ. ಇನ್ನೊಂದು ಲಾಭವೂ ಇದೆ: ಗೇರ್‌ಬಾಕ್ಸಿನ ಕವಚ ಅಲ್ಯೂಮಿನಿಯಂ, ಅದರ ಮುಚ್ಚಳ ಉಕ್ಕು. ಕಾದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ ಬಿಗಿದ ಬೋಲ್ಟು ಬೆಚ್ಚಗಿದ್ದಾಗ ಬೇಗ ಸಡಿಲಾಗುತ್ತದೆ. ಹಾಗಂತ ದೂರದ ಊರಿನಿಂದ ಬಂದ ಕೂಡಲೇ ಕೆಳಗೆ ನುಗ್ಗಬೇಡಿ, ಸೈಲೆನ್ಸರ್ ಪೈಪು ಪಕ್ಕದಲ್ಲೇ ಇದೆ.

ಜಾಕಿನ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು, ಯಾಕೆಂದರೆ ನಮ್ಮ ಅಂಗಳಗಳು ಬೇರೆ ಊರಿನಂತಲ್ಲ. ಕಲಬುರಗಿ, ಯಾದಗಿರಿ ಮನೆಗಳ ಮುಂದೆ ಹಾಸಿರುವುದು ಶಹಾಬಾದ್ ಫರಸಿ. ನೋಡಲು ಸಪಾಟು, ಗಟ್ಟಿ. ಆದರೆ ಫರಸಿಯ ಕೆಳಗಿನ ಮಣ್ಣು ಕುಸಿದು ಪೊಳ್ಳಾಗಿರುವುದು ಸಾಮಾನ್ಯ, ಬೆರಳಿಂದ ಬಡಿದರೆ ‘ಡಬ್ ಡಬ್’ ಎನ್ನುತ್ತದೆ. ಅಂಥ ಕಲ್ಲಿನ ಮೇಲೆ ಜಾಕಿನ ಸಣ್ಣ ಕಾಲು ಊರಿದರೆ ಕಲ್ಲು ಎರಡಾಗಿ ಸೀಳಿ ಗಾಡಿ ಕೂರುತ್ತದೆ. ಕನಿಷ್ಠ ಒಂದೂವರೆ ಇಂಚು ದಪ್ಪದ ಹಲಗೆಯನ್ನು ಅಡಿಗೆ ಹಾಕಿ ಭಾರ ಹರಡಿಸಿ. ಎರಿ ಮಣ್ಣಿನ ಮೇಲೆ, ಅದರಲ್ಲೂ ಮಳೆ ಬಿದ್ದ ಮೇಲೆ, ಹಲಗೆ ಹಾಕಿದರೂ ಬೇಡ. ಬೇಸಿಗೆ ಮಧ್ಯಾಹ್ನದ ಡಾಂಬರು ರಸ್ತೆಯೂ ಬೇಡ, ಜಾಕು ಒಳಗಿಳಿಯುತ್ತದೆ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಎತ್ತಿದ ಗಾಡಿಯನ್ನು ಸ್ಟ್ಯಾಂಡುಗಳ ಮೇಲೆ ಇಳಿಸಿದ ಮೇಲಷ್ಟೇ ಕೈ ಒಳಗೆ ಹಾಕಬೇಕು. ಡಿಕ್ಕಿಯಲ್ಲಿ ಬರುವ ಕತ್ತರಿ ಜಾಕು ಪಂಕ್ಚರಿನ ಟೈರು ಬದಲಿಸಲಿಕ್ಕೆ ಮಾತ್ರ. ಇಟ್ಟಿಗೆ ಪೇರಿಸಿ ಗಾಡಿ ನಿಲ್ಲಿಸುವವರಿಗೆ ಹೇಳುವುದೇನೂ ಇಲ್ಲ, ಇಟ್ಟಿಗೆ ಪುಡಿಯಾಗುವ ಮುಂಚೆ ಸದ್ದು ಮಾಡುವುದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಕ್ರಮ. ಗೇರ್‌ಬಾಕ್ಸಿಗೆ ಎರಡು ಮುಚ್ಚಳ: ಪಕ್ಕದಲ್ಲಿ ಮೇಲಿರುವುದು ತುಂಬುವ ಬೋಲ್ಟು, ತಳದಲ್ಲಿರುವುದು ಇಳಿಸುವ ಬೋಲ್ಟು. ಮೊದಲು ಮೇಲಿನದನ್ನೇ ಬಿಚ್ಚಬೇಕು. ಹತ್ತು ವರ್ಷ ಕೈಯಾಡದ ಬೋಲ್ಟು ಕಚ್ಚಿಕೊಂಡು ಕೂತಿರುವ ಸಾಧ್ಯತೆ ಇದೆ. ಕೆಳಗಿಂದ ಎಣ್ಣೆಯೆಲ್ಲ ಸುರಿಸಿದ ಮೇಲೆ ಮೇಲಿನದು ಬಿಚ್ಚದೆ ಹೋದರೆ ಗಾಡಿ ಅಂಗಳದಲ್ಲೇ ಸತ್ತಂತೆ. ಎಳೆದುಕೊಂಡು ಹೋಗುವುದಾದರೂ ಮುಂದಿನ ಚಕ್ರ ತಿರುಗಿದಷ್ಟೂ ಒಣ ಗೇರ್‌ಬಾಕ್ಸು ತಿರುಗುತ್ತದೆ. ಮೇಲಿನದು ಬಿಚ್ಚಲಿಲ್ಲವೆಂದರೆ ಹಳೆ ಎಣ್ಣೆ ಒಳಗೇ ಇದೆ, ಗಾಡಿಯನ್ನು ಆರಾಮಾಗಿ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಹುದು.

ಬಿಚ್ಚುವ ಮುನ್ನ ಬೋಲ್ಟಿನ ಸುತ್ತ ತಂತಿ ಬ್ರಶ್ಶಿನಿಂದ ತಿಕ್ಕಿ, ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿ. ವಾಡಿ, ಸೇಡಂ, ಚಿತ್ತಾಪುರ ಕಡೆ ಓಡುವ ಗಾಡಿಗಳಲ್ಲಿ ಸಿಮೆಂಟಿನ ಧೂಳು ಮಳೆನೀರು ಕುಡಿದು ಗಾರೆಯಂತೆ ಮೆತ್ತಿಕೊಂಡಿರುತ್ತದೆ. ಅದರ ಒಂದು ಹರಳು ಒಳಗೆ ಬಿದ್ದರೆ ಬೇರಿಂಗು ಅರೆಯುವ ಕಲ್ಲಾಗುತ್ತದೆ. ಬೋಲ್ಟಿನ ಸೈಜು ಗಾಡಿಗೊಂದು ತರಹ. ಕೆಲವಕ್ಕೆ 17 ಅಥವಾ 24 ಮಿ.ಮೀ. ಪಾನಾ, ಕೆಲವಕ್ಕೆ ಚೌಕ ತೂತಿದ್ದು ರ್‍ಯಾಚೆಟ್ಟಿನ ಮೂರು ಸೂತಿನ, ಅಂದರೆ 3/8 ಇಂಚಿನ, ತುದಿಯೇ ನೇರ ಕೂರುತ್ತದೆ. ಯಾವುದೇ ಇರಲಿ, ಸ್ಲೈಡ್ ರೆಂಚು, ಪೈಪ್ ರೆಂಚು ತರಬೇಡಿ. ಮೂಲೆ ಸವೆದು ದುಂಡಗಾದ ಬೋಲ್ಟಿಗೆ ಆಮೇಲೆ ವೆಲ್ಡಿಂಗೇ ಗತಿ. ಬಿಗಿ ಇದ್ದರೆ ಜಂಗು ಬಿಡಿಸುವ ಎಣ್ಣೆ ಹೊಡೆದು ರಾತ್ರಿ ಬಿಟ್ಟು, ಬೆಳಿಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನಾಲ್ಕು ಸಣ್ಣ ಪೆಟ್ಟು ಕೊಟ್ಟು ನೋಡಿ.

ಕೆಳಗಿನ ಬೋಲ್ಟಿನ ಕೊನೆಯ ಸುತ್ತುಗಳನ್ನು ಕೈಯಿಂದ ಮೇಲಕ್ಕೆ ಒತ್ತಿಹಿಡಿದೇ ತಿರುಗಿಸಿ, ಪೂರಾ ಸಡಿಲಾದಾಗ ಚಟ್ಟನೆ ಪಕ್ಕಕ್ಕೆಳೆಯಿರಿ. ಎಣ್ಣೆ ಮೊದಲಿಗೆ ನೇರ ಕೆಳಗೆ ಬೀಳದೆ ಒಂದು ಗೇಣು ದೂರ ಚಿಮ್ಮುತ್ತದೆ, ಪಾತ್ರೆ ಅಲ್ಲಿರಲಿ. ಅಡಿಗೆ ರಟ್ಟು ಹಾಸಿ. ಫರಸಿ ಒಮ್ಮೆ ಗೇರ್ ಆಯಿಲ್ ಕುಡಿದರೆ ಆ ಕಲೆ ಮನೆ ಮಾರುವವರೆಗೂ ಇರುತ್ತದೆ. ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಬಂದರೆ ಗಾಬರಿ ಬೇಡ, ಅದು ಗಂಧಕದ್ದು, ಹೊಸ ಎಣ್ಣೆಯಲ್ಲೂ ಇರುತ್ತದೆ. ಧಾರೆ ಹನಿಯಾಗುವವರೆಗೆ ಹದಿನೈದು ಇಪ್ಪತ್ತು ನಿಮಿಷ ಬಿಡಿ.

ಈ ಹೊತ್ತಿನಲ್ಲಿ ಮಾಡುವ ಕೆಲಸವಿದೆ, ಅದನ್ನು ನಿಮ್ಮ ಬರಹ ಪೂರ್ತಿ ಬಿಟ್ಟಿತ್ತು. ಹಳೆ ಎಣ್ಣೆ ಓದಿದರೆ ಗೇರ್‌ಬಾಕ್ಸಿನ ಜಾತಕ ತಿಳಿಯುತ್ತದೆ. ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಬೂದು ಬಣ್ಣದ ಮೆತ್ತನೆ ಹಿಟ್ಟು ಅಂಟಿರುತ್ತದೆ. ಎರಡು ಬೆರಳ ನಡುವೆ ಉಜ್ಜಿದಾಗ ನುಣ್ಣಗೆ ವಿಭೂತಿಯಂತಿದ್ದರೆ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು, ಸೂಜಿಯಂಥ ಎಳೆ ಸಿಕ್ಕರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಅಯಸ್ಕಾಂತ ಹಿತ್ತಾಳೆಯನ್ನು ಹಿಡಿಯುವುದಿಲ್ಲ, ಅದನ್ನು ಎಣ್ಣೆಯಲ್ಲೇ ಹುಡುಕಬೇಕು. ಪಾತ್ರೆಯನ್ನು ಬಿಸಿಲಿಗೆ ಓರೆ ಮಾಡಿ. ಬಂಗಾರದ ಪುಡಿಯಂತೆ ದಟ್ಟವಾಗಿ ಹೊಳೆದರೆ ಸಿಂಕ್ರೊ ರಿಂಗು ಸವೆದಿದೆ, ಹೊಸ ಎಣ್ಣೆ ಅದನ್ನು ಬೆಳೆಸಿಕೊಡುವುದಿಲ್ಲ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಭೀಮಾ, ಕಾಗಿಣಾ ಉಕ್ಕಿದಾಗ ಸೇತುವೆ ದಾಟಿದ, ಮಳೆಗಾಲದಲ್ಲಿ ರೈಲ್ವೆ ಅಂಡರ್‌ಪಾಸಿನ ನೀರಲ್ಲಿ ಇಳಿದ ಗಾಡಿಗಳಲ್ಲಿ ಇದು ಕಾಣುತ್ತದೆ. ಕಾದ ಗೇರ್‌ಬಾಕ್ಸು ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಉಸಿರುಕೊಳವೆಯಿಂದಲೋ ಸೀಲಿನ ಅಂಚಿನಿಂದಲೋ ನೀರನ್ನು ಹೀರುತ್ತದೆ. 2020ರ ಅಕ್ಟೋಬರಿನ ಭೀಮಾ ಪ್ರವಾಹದಂಥದ್ದರಲ್ಲಿ ಅರ್ಧ ಚಕ್ರ ಮುಳುಗಿದ ಗಾಡಿಗೆ ಇಷ್ಟು ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸುವ ಮಾಮೂಲಿ ಲೆಕ್ಕ ಇಲ್ಲ, ಆ ವಾರವೇ ಬದಲಿಸಬೇಕು. ನೀರು ಕಂಡರೆ ಹೊಸದು ಹಾಕಿ ಐವತ್ತು ನೂರು ಕಿಲೋಮೀಟರು ಓಡಿಸಿ ಇನ್ನೊಮ್ಮೆ ಬದಲಿಸಿ.

ಇಳಿದ ಎಣ್ಣೆಯನ್ನು ಖಾಲಿ ಲೀಟರ್ ಬಾಟಲಿಗಳಿಗೆ ತುಂಬಿ ಅಳೆಯಿರಿ. ಎರಡು ಲೀಟರ್ ಇರಬೇಕಾದಲ್ಲಿ 1.2 ಮಾತ್ರ ಸಿಕ್ಕರೆ ಉಳಿದದ್ದು ಎಲ್ಲಿ ಹೋಯಿತು ಎಂದು ಹುಡುಕಲೇಬೇಕು. ಎಂಜಿನ್ ಆಯಿಲಿನಂತೆ ಗೇರ್ ಆಯಿಲ್ ಸುಟ್ಟು ಕಡಿಮೆಯಾಗುವುದಿಲ್ಲ. ಸೋರಿಯೇ ಹೋಗಿರಬೇಕು. ಡ್ರೈವ್ ಶಾಫ್ಟ್ ಗೇರ್‌ಬಾಕ್ಸಿನೊಳಗೆ ಹೋಗುವ ಜಾಗದ ಆಯಿಲ್ ಸೀಲು ಮೊದಲ ಸಂಶಯ.

ಕೆಳಗಿನ ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿಯಿರಿ. ತಾಮ್ರ, ಅಲ್ಯೂಮಿನಿಯಂ ವಾಷರುಗಳು ಒಮ್ಮೆ ಚಪ್ಪಟೆಯಾದರೆ ಮುಗಿಯಿತು. ವಾಷರೇ ಇಲ್ಲದ ಮಾದರಿಗಳಲ್ಲಿ ಥ್ರೆಡ್ಡಿಗೆ ತೆಳ್ಳಗೆ ಸೀಲಂಟ್ ಹಚ್ಚಬೇಕು. ನೀರಿನ ಟಾಕಿಗೆ ಹಚ್ಚುವ ಎಪಾಕ್ಸಿಯನ್ನು ಇಲ್ಲಿ ಮೆತ್ತಿದ ಗಾಡಿಗಳೂ ಇವೆ, ಮುಂದಿನ ಸಲ ಬಿಚ್ಚುವವನ ಪಾಡು ಕೇಳಬೇಡಿ. ಶುರುವಿನ ಮೂರ್‍ನಾಲ್ಕು ಸುತ್ತು ಕಡ್ಡಾಯವಾಗಿ ಬೆರಳಿಂದಲೇ ಹೋಗಬೇಕು. ಪಾನಾ ಹಾಕಿ ಓರೆಯಾಗಿ ತಿರುಗಿಸಿದರೆ ಉಕ್ಕಿನ ಬೋಲ್ಟು ಅಲ್ಯೂಮಿನಿಯಂನ ಥ್ರೆಡ್ಡನ್ನು ಕೊರೆದೇಬಿಡುತ್ತದೆ. ಉದ್ದ ಪೈಪು ಸಿಕ್ಕಿಸಿ ಬಿಗಿಯುವುದರಿಂದಲೂ ಅದೇ ಗತಿ. ಟಾರ್ಕ್ ರೆಂಚು ಇದ್ದರೆ ಕೈಪಿಡಿಯ ಅಂಕಿಯಷ್ಟು, ಇಲ್ಲದಿದ್ದರೆ ವಾಷರು ಕುಳಿತ ಮೇಲೆ ಒಂದು ಕೈಯ ಸಾಧಾರಣ ಬಿಗಿ ಸಾಕು.

ತುಂಬುವ ತೂತು ಪಕ್ಕದಲ್ಲಿರುವುದರಿಂದ ಡಬ್ಬಿ ಬಗ್ಗಿಸಿ ಸುರಿಯಲಾಗದು. ಒಂದೂವರೆ ಮೀಟರ್ ಹೊಸ ಪಾರದರ್ಶಕ ಪೈಪು, ಅದಕ್ಕೊಂದು ಆಲಿಕೆ ತನ್ನಿ. ಬಾನೆಟ್ ಎತ್ತಿ ಮೇಲಿಂದ ಪೈಪು ಇಳಿಸಿ ತುದಿಯನ್ನು ತೂತಿಗೆ ಸಿಕ್ಕಿಸಿ, ಮೆಲ್ಲಗೆ ಸುರಿಯಬೇಕು. ಎಣ್ಣೆ ನಿಧಾನ ಇಳಿಯುತ್ತದೆ, ಆಲಿಕೆ ತುಂಬಿಸಿ ಕಾಯಿರಿ. ಅರ್ಧ ಗಂಟೆಯ ಲೆಕ್ಕ ತಪ್ಪುವುದು ಇಲ್ಲೇ. ಹೊಸಬರಿಗೆ ಒಟ್ಟು ಎರಡು ತಾಸು ಬೇಕು.

ಮಟ್ಟ ನೋಡುವ ರೀತಿಯಲ್ಲಿ ಹೆಚ್ಚಿನವರು ಎಡವುತ್ತಾರೆ. ತೂತಿನ ಅಂಚಿಗೆ ಬಂದು ಹನಿ ಹೊರಬಿದ್ದರೆ ಪೂರ್ತಿ ಎಂಬ ನಿಯಮ ಗಾಡಿ ನಾಲ್ಕೂ ಚಕ್ರಕ್ಕೆ ಸಮವಾಗಿ ನಿಂತಾಗ ಮಾತ್ರ ನಿಜ. ಮೂತಿ ಎತ್ತಿ ಓರೆಯಾಗಿ ನಿಂತ ಗಾಡಿಯಲ್ಲಿ ಎಣ್ಣೆ ತುಳುಕಿದರೆ ಅದಕ್ಕೆ ಅರ್ಥವಿಲ್ಲ, ಹೆಚ್ಚೂ ಆಗಿರಬಹುದು, ಕಡಿಮೆಯೂ ಆಗಿರಬಹುದು. ನಾಲ್ಕು ಸ್ಟ್ಯಾಂಡು ಇದ್ದರೆ ನಾಲ್ಕೂ ಕಡೆ ಸಮ ಎತ್ತಿ. ಇಲ್ಲದವರು ಕೈಪಿಡಿಯ ಪ್ರಮಾಣವನ್ನು ಅಳೆದು ಹಾಕಿ, ಮೇಲಿನ ಬೋಲ್ಟನ್ನು ಬೆರಳಲ್ಲಿ ಮುಚ್ಚಿ, ಗಾಡಿಯನ್ನು ಸಪಾಟು ನೆಲಕ್ಕೆ ಇಳಿಸಿ, ಸ್ಟಿಯರಿಂಗ್ ಪೂರಾ ತಿರುಗಿಸಿ ಚಕ್ರದ ಸಂದಿನಿಂದ ಕೈ ಹಾಕಿ ಮತ್ತೆ ಬಿಚ್ಚಿ ನೋಡಿ. ಹೆಚ್ಚಾದದ್ದು ತಾನೇ ಇಳಿದು ನಿಲ್ಲುತ್ತದೆ. ಕಿರುಬೆರಳ ಮೊದಲ ಗೆಣ್ಣು ಒಳಗೆ ಬಗ್ಗಿಸಿದಾಗ ಎಣ್ಣೆ ತಾಗಬೇಕು. ಮಟ್ಟದ ತೂತೇ ಇಲ್ಲದ ಗೇರ್‌ಬಾಕ್ಸುಗಳೂ ಇವೆ, ಅಲ್ಲಿ ಅಳತೆಯೇ ಪ್ರಮಾಣ.

ಕಡಿಮೆಯಾದರೆ ಏನು? ಅನೇಕ ಸಣ್ಣ ಕಾರುಗಳಲ್ಲಿ ಐದನೇ ಗೇರು ಗೇರ್‌ಬಾಕ್ಸಿನ ಹೊರತುದಿಯಲ್ಲಿ ಒಂಟಿಯಾಗಿ ಕೂತಿರುತ್ತದೆ, ಎಣ್ಣೆ ಮೊದಲು ತಪ್ಪುವುದು ಅದಕ್ಕೆ. ಹುಮನಾಬಾದ್ ರಸ್ತೆಯಲ್ಲಿ ಎಂಬತ್ತರ ವೇಗದಲ್ಲಿ ಶುರುವಾಗುವ ‘ಗುಂಯ್’ ಸದ್ದು ಎಷ್ಟೋ ಸಲ ಇದೇ. ಹೆಚ್ಚಾದರೆ ಹಲ್ಲುಗಳು ಎಣ್ಣೆಯನ್ನು ಕಡೆದು ನೊರೆ ಮಾಡುತ್ತವೆ. ನೊರೆ ಉಸಿರುಕೊಳವೆಯಿಂದ ಉಕ್ಕುತ್ತದೆ, ಇನ್‌ಪುಟ್ ಶಾಫ್ಟಿನ ಸೀಲು ದಾಟಿ ಕ್ಲಚ್ ಪ್ಲೇಟಿಗೆ ತಾಗಿದರೆ ಕ್ಲಚ್ಚು ಜಾರತೊಡಗುತ್ತದೆ. ‘ಇನ್ನೊಂಚೂರು ಇರಲಿ’ ಎಂದು ಪ್ರೀತಿಯಿಂದ ಸುರಿದ ಪಾವು ಲೀಟರಿಗೆ ಕ್ಲಚ್ ಸೆಟ್ಟಿನ ಖರ್ಚು ಬರುತ್ತದೆ.

ಎಣ್ಣೆ ಬದಲಿಸಿದರೂ ಗೇರ್ ಬಿಗಿಯಾಗೇ ಇದ್ದರೆ ಎಣ್ಣೆಯನ್ನು ದೂರಬೇಡಿ. ಎಂಜಿನ್ ಬಂದ್ ಮಾಡಿ ಗೇರ್ ಹಾಕಿ ನೋಡಿ. ಆಗ ಸರಾಗ ಬಿದ್ದು, ಚಾಲೂ ಇದ್ದಾಗ ಮಾತ್ರ ಬೀಳದಿದ್ದರೆ ಕ್ಲಚ್ಚು ಪೂರಾ ಬಿಡುತ್ತಿಲ್ಲ, ಕೇಬಲ್ಲೋ ಹೈಡ್ರಾಲಿಕ್ಕೋ ನೋಡಿಸಿ. ಬಂದ್ ಇದ್ದಾಗಲೂ ಬಿಗಿ ಎಂದರೆ ಗೇರ್ ಕೇಬಲ್, ಬುಶ್ಶುಗಳು. ಒಂದೇ ಒಂದು ಗೇರಿಗೆ ಮಾತ್ರ ಕರಕರ ಎಂದರೆ ಆ ಗೇರಿನ ಸಿಂಕ್ರೊ.

ಮಾಡಿ ಮುಗಿದ ಮೇಲೆ ಹತ್ತು ಕಿಲೋಮೀಟರು ಓಡಿಸಿ, ರಾತ್ರಿ ಗಾಡಿಯ ಕೆಳಗೆ ಒಂದು ಹಳೆ ಪೇಪರ್ ಹಾಸಿ. ನಿಮ್ಮ ಪತ್ರಿಕೆಯ ಜಾಹೀರಾತಿನ ಪುಟ ಈ ಕೆಲಸಕ್ಕೆ ಉತ್ತಮ, ಹನಿ ಬಿದ್ದ ಜಾಗದಿಂದ ಯಾವ ಬೋಲ್ಟು ಎಂಬುದು ಬೆಳಿಗ್ಗೆ ತಿಳಿಯುತ್ತದೆ.

ಉಳಿದದ್ದು ಆ ಎರಡು ಲೀಟರ್ ಹಳೆ ಎಣ್ಣೆ. ಗೆದ್ದಲಿಗೆಂದು ಬಾಗಿಲ ಚೌಕಟ್ಟಿಗೆ ಬಳಿಯುವುದು, ಸೆಂಟ್ರಿಂಗ್ ಹಲಗೆಗೆ ಹಚ್ಚುವುದು, ಮಿಕ್ಕಿದ್ದನ್ನು ಗಟಾರಕ್ಕೆ ಚೆಲ್ಲುವುದು ನಮ್ಮಲ್ಲಿ ನಡೆದೇ ಇದೆ. ಬೀದರಿನ ನೆಲ ಜಂಬಿಟ್ಟಿಗೆ, ತೂತು ತೂತು. ಚೆಲ್ಲಿದ್ದು ಇಂಗಿ ಬಾವಿಗೆ ಇಳಿಯುತ್ತದೆ. ಅದೇ ನೆಲದ ಗುಣ ನೋಡಿ ಬಹಮನಿ ಕಾಲದವರು ನೌಬಾದಿನಲ್ಲಿ ಸುರಂಗ ಬಾವಿ ತೋಡಿ ನೀರು ಹರಿಸಿದ್ದರು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆ ಸೇರಿದೆ, 2024ರ ಏಪ್ರಿಲ್ 1ರಿಂದ ಅದರ ಮರುಸಂಸ್ಕರಣೆಯ ಹೊಣೆ ಎಣ್ಣೆ ತಯಾರಕರ ಮೇಲೂ ಬಂದಿದೆ. ಆದರೆ ಮನೆಯಲ್ಲಿ ಎರಡು ಬಾಟಲಿ ಹಿಡಿದು ನಿಂತವನು ಅದನ್ನು ಎಲ್ಲಿ ಕೊಡಬೇಕು? ಸದ್ಯಕ್ಕೆ ಪರಿಚಯದ ಗ್ಯಾರೇಜಿನ ಹಳೆ ಎಣ್ಣೆಯ ಡ್ರಮ್ಮೇ ದಾರಿ. ನೀರು, ಪೆಟ್ರೋಲ್ ಬೆರೆಸದೆ ಬಾಟಲಿಯಲ್ಲಿ ಮುಚ್ಚಿ ಒಯ್ದರೆ ಬೇಡ ಎನ್ನುವವರು ಕಡಿಮೆ. ಕಸ ಒಯ್ಯುವ ಗಾಡಿಗಳು ವಾರ್ಡಿಗೆ ಬರುವ ಹಾಗೆ, ವಾರ್ಡ್ ಕಚೇರಿಯಲ್ಲಿ ಮುಚ್ಚಳವಿರುವ ಒಂದು 200 ಲೀಟರ್ ಡ್ರಮ್ಮನ್ನು ಪಾಲಿಕೆಯವರು ಇಡಿಸಲಿ ಎಂಬ ಮನವಿಯನ್ನೂ, ಮುಂದಿನ ಸಲ ಗೇರ್ ಆಯಿಲಿನ ಬಗ್ಗೆ ಅಂಕಣ ಬಂದಾಗ ‘90’ರ ಪಕ್ಕದಲ್ಲಿ ಜಿಎಲ್ ಅಂಕಿಯನ್ನೂ ಅಚ್ಚು ಹಾಕಬೇಕೆಂಬ ಕೋರಿಕೆಯನ್ನೂ ಒಟ್ಟಿಗೆ ಸಲ್ಲಿಸುತ್ತಿದ್ದೇವೆ.

ಇಂತಿ,
ಗ್ಯಾರೇಜ್ ಕಸುಬಿನ ಓದುಗರು
ಕಲಬುರಗಿ